ಹೊಸ ಮನೆಗೆ ಬಣ್ಣ, ಹಳೆಯ ಸಾಮಾನಿಗೆ ಜಾಗ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ನಮ್ಮ ಹಿರಿಯರು. ಪುಣೆಯಲ್ಲಿ ಬಂದು ನೆಲಸಿದ ನಾವು ಮನೆ ಕಟ್ಟುವವರಲ್ಲ, ಕಟ್ಟಿದ್ದನ್ನು ಕೊಳ್ಳುವವರು. ಕೋಥರೂಡಿನಲ್ಲೋ ವಾಕಡದಲ್ಲೋ ಖರಾಡಿಯಲ್ಲೋ ಏಳನೆಯ ಮಹಡಿಯ ಮೇಲಿನ ಎರಡು ಮೂರು ಕೋಣೆಗಳ ಕೀಲಿಕೈ ಕೈಗೆ ಬಂದಾಗ ಗೋಡೆಗಳೆಲ್ಲ ಒಂದೇ ಸಮನೆ ಬಿಳಿ, ನೆಲವೆಲ್ಲ ಒಂದೇ ಸಮನೆ ನುಣುಪು. ವಾಸ್ತುಶಾಂತಿ ಮುಗಿದು, ಬಂದ ಬಂಧುಗಳು ಉಂಡು ಹೋಗಿ, ಸಾಮಾನಿನ ಲಾರಿ ಕೆಳಗೆ ಬಂದು ನಿಂತಿತೆಂದರೆ ಆಗ ಏಳುತ್ತದೆ ನಿಜವಾದ ಪ್ರಶ್ನೆ: ಯಾವುದನ್ನು ಎಲ್ಲಿ ಇಡೋಣ?

ಈ ಪ್ರಶ್ನೆ ಬರೀ ಅಂದಚೆಂದದ್ದಲ್ಲ. ಊರಿನ ಹಿರಿಯರ ಮನೆ ಮಾರಾಟವಾದಾಗ ಅಥವಾ ಪಾಲಾದಾಗ ನಮ್ಮಲ್ಲಿ ಅನೇಕರ ಪಾಲಿಗೆ ಬಂದದ್ದು ಒಂದು ಸಂದೂಕ, ಒಂದು ಹಂಡೆ, ನಾಲ್ಕು ಮಣೆ, ಒಂದು ಜಮಖಾನೆ. ಇವನ್ನು ಹೊಸ ಮನೆಗೆ ತಂದರೆ ಚಿಕ್ಕವರು, "ಇದು ಇಲ್ಲಿ ಒಪ್ಪುವುದಿಲ್ಲ" ಎನ್ನುತ್ತಾರೆ. ಬಿಟ್ಟುಬಂದರೆ ದೊಡ್ಡವರ ಮನಸ್ಸಿಗೆ ನೋವು. ಒಂದು ಪಕ್ಷದವರು ಅಂಗಡಿಗೆ ಹೋಗಿ ಸೋಫಾ, ಮೇಜು, ಕಪಾಟು ಎಲ್ಲವನ್ನೂ ಒಂದೇ ಜೋಡಿಯಾಗಿ ತರುತ್ತಾರೆ. ಅವರ ಮನೆ ಅಂಗಡಿಯ ಕಾಜಿನ ಕಿಟಕಿಯ ಹಾಗೆಯೇ ಕಾಣುತ್ತದೆ, ಮನೆಯವರು ಯಾರೆಂಬುದು ತಿಳಿಯುವುದಿಲ್ಲ. ಇನ್ನೊಂದು ಪಕ್ಷದವರು ಏನನ್ನೂ ಬಿಡಲಾರದೆ ಎಲ್ಲವನ್ನೂ ಒಟ್ಟುತ್ತಾರೆ. ಅವರ ಮನೆಯಲ್ಲಿ ನಡೆದಾಡಲು ಹಾದಿಯಿಲ್ಲ. ಇವೆರಡರ ನಡುವೆ ಮೂರನೆಯ ದಾರಿಯೊಂದು ಉಂಟು. ಗೋಡೆಗೆ ಅಳತೆಯ ಬಣ್ಣ, ಬೇರೆ ಬೇರೆ ಕಾಲದ ಸಾಮಾನುಗಳಿಗೆ ಓರಣದ ಜಾಗ. ಇಷ್ಟೇ ಆ ದಾರಿ. ಅದನ್ನು ಕುರಿತು ನಮಗೆ ತಿಳಿದ ನಾಲ್ಕು ಮಾತನ್ನು ವಾಚಕ ಬಂಧುಗಳ ಮುಂದೆ ಇಡುತ್ತೇವೆ.

ಸೀರೆಯಿಂದ ಕಲಿಯುವ ಪಾಠ

ಬಣ್ಣಗಳ ಲೆಕ್ಕ ಕಲಿಯಲು ನಮ್ಮ ಹೆಣ್ಣುಮಕ್ಕಳು ಬೇರೆ ಎಲ್ಲಿಗೂ ಹೋಗಬೇಕಾದ್ದಿಲ್ಲ. ಕಪಾಟಿನಿಂದ ಒಂದು ಇಳಕಲ್ ಸೀರೆಯನ್ನು ತೆಗೆದು ಹಾಸಿಗೆಯ ಮೇಲೆ ಹರಡಿ ನೋಡಿದರೆ ಸಾಕು. ಬಹುಭಾಗ ಮೈಯ ಬಣ್ಣ. ಅದು ಒಂದೇ, ಶಾಂತವಾದದ್ದು. ಅದರ ಎರಡು ಕಡೆ ದಡಿ, ಮೈಗೆ ಬೇರೆಯಾದರೂ ಅದರೊಡನೆ ಜಗಳವಾಡದ್ದು. ಕೊನೆಗೆ ಸೆರಗು: ದಾಳಿಂಬೆ ಕೆಂಪಿನ ರೇಷ್ಮೆಯ ಮೇಲೆ ಬಿಳಿಯ ತೆನೆಗಳ ಸಾಲು. ಅಳತೆಯಲ್ಲಿ ಅದು ಸ್ವಲ್ಪವೇ, ಆದರೆ ಕಣ್ಣು ಹೋಗಿ ನಿಲ್ಲುವುದು ಅಲ್ಲೇ. ಇಳಕಲ್ಲಿನ ನೇಕಾರರು ಮೈಯ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ. ಎರಡು ಬಣ್ಣ ಬೇರೆಯಾದರೂ ಬಟ್ಟೆ ಒಂದೇ ಆಗುವುದು ಆ ಕೊಂಡಿಯಿಂದ.

ಕೋಣೆಯ ಲೆಕ್ಕವೂ ಇದೇ. ನೂರರಲ್ಲಿ ಅರವತ್ತು ಪಾಲು ಮೈಯ ಬಣ್ಣ, ಅಂದರೆ ಗೋಡೆ ಮತ್ತು ಮಾಳಿಗೆ. ಮೂವತ್ತು ಪಾಲು ದಡಿಯ ಬಣ್ಣ, ಅಂದರೆ ಪರದೆ, ಹಾಸು, ದೊಡ್ಡ ಸಾಮಾನು. ಉಳಿದ ಹತ್ತು ಪಾಲು ಸೆರಗಿನ ಬಣ್ಣ. ಇದು ಅಡುಗೆಯ ಒಗ್ಗರಣೆಯ ಹಾಗೆ, ಬೇಳೆಯಷ್ಟೇ ಒಗ್ಗರಣೆ ಹಾಕುವವರು ಯಾರೂ ಇಲ್ಲ. ಒಂದು ಗೋಡೆಯ ತುಂಡು, ಎರಡು ದಿಂಬಿನ ಗಲೀಫು, ಒಂದು ಕುರ್ಚಿ, ಒಂದು ಹೂದಾನಿ ಇವುಗಳಿಗೆ ಆ ಬಣ್ಣ ಬಂದರೆ ಕೋಣೆ ಎಚ್ಚತ್ತು ಕೂರುತ್ತದೆ. ಕೊಂಡಿಯನ್ನು ಮಾತ್ರ ಮರೆಯಬಾರದು: ಸೆರಗಿನ ಬಣ್ಣ ಕೋಣೆಯಲ್ಲಿ ಕನಿಷ್ಠ ಮೂರು ಕಡೆ ಕಾಣಬೇಕು. ಒಂದೇ ಕಡೆ ಇದ್ದರೆ ಅದು ಯಾರೋ ಮರೆತು ಬಿಟ್ಟುಹೋದ ವಸ್ತುವಿನಂತೆ ತೋರುತ್ತದೆ.

ಬಣ್ಣವು ನೆರೆಯನ್ನು ನೋಡಿ ನಡೆಯುತ್ತದೆಂಬುದಕ್ಕೆ ಫ್ರಾನ್ಸ್ ದೇಶದ ಒಂದು ಕಥೆಯುಂಟು. ಪ್ಯಾರಿಸಿನ ಗೋಬೆಲಾಂ ಎಂಬ ಪ್ರಸಿದ್ಧ ನೇಯ್ಗೆಯ ಕಾರ್ಖಾನೆಯಲ್ಲಿ ಶೆವ್ರೂಲ್ ಎಂಬ ರಸಾಯನ ಶಾಸ್ತ್ರಜ್ಞನು ಬಣ್ಣದ ವಿಭಾಗವನ್ನು ನೋಡಿಕೊಳ್ಳುತ್ತಿದ್ದನು. ಕಪ್ಪು ಬಣ್ಣ ಸಾಕಷ್ಟು ಕಪ್ಪಾಗಿಲ್ಲವೆಂದು ದೂರು ಬಂತು. ಅವನು ಪರೀಕ್ಷಿಸಿ ನೋಡಿದರೆ ಬಣ್ಣದಲ್ಲಿ ದೋಷವಿರಲಿಲ್ಲ. ಪಕ್ಕದಲ್ಲಿ ನೀಲಿ, ನೇರಳೆ ಎಳೆಗಳಿದ್ದುದರಿಂದ ಕಪ್ಪು ಮಂಕಾಗಿ ಕಾಣುತ್ತಿತ್ತು. ಈ ವಿಷಯವನ್ನು ಅವನು ೧೮೩೯ರಲ್ಲಿ ದೊಡ್ಡ ಗ್ರಂಥವಾಗಿ ಬರೆದನು. ಅಂಗಡಿಯಲ್ಲಿ ಚೆನ್ನಾಗಿ ಕಂಡ ಹಸಿರು ಮನೆಯ ಸೋಫಾದ ಪಕ್ಕದಲ್ಲಿ ಕೆಟ್ಟು ಕಾಣುವುದು ಈ ಕಾರಣದಿಂದ. ಆದುದರಿಂದ ಬಣ್ಣದ ಚೀಟಿ ನೋಡಿ ನಿರ್ಣಯಿಸಬಾರದು. ಚಿಕ್ಕ ಡಬ್ಬಿಯೊಂದನ್ನು ತಂದು, ಎರಡಡಿ ಚೌಕದ ರಟ್ಟಿಗೆ ಬಳಿದು, ಸಾಮಾನಿನ ಪಕ್ಕದಲ್ಲಿಟ್ಟು, ಬೆಳಿಗ್ಗೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ ಹೀಗೆ ಮೂರು ಹೊತ್ತು ನೋಡತಕ್ಕದ್ದು.

ಬೆಳಕು ನೋಡಿ ಬಣ್ಣ

ಪೂರ್ವದ ಕಿಟಕಿಯಿಂದ ಬರುವ ಬೆಳಗಿನ ಬಿಸಿಲು ಹೊಂಬಣ್ಣದ್ದು. ಆ ಕೋಣೆಗೆ ಯಾವ ಬಣ್ಣವೂ ಸಲ್ಲುತ್ತದೆ. ಪಶ್ಚಿಮದ ಕೋಣೆಗೆ ಮಧ್ಯಾಹ್ನ ಮೂರರ ಮೇಲೆ ಬಿಸಿಲು ಕಾಯ್ದು ಬರುತ್ತದೆ. ಏಪ್ರಿಲ್, ಮೇ ತಿಂಗಳ ಪುಣೆಯನ್ನು ಬಲ್ಲವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಅಲ್ಲಿ ಕೆಂಪು, ಕೇಸರಿ ಬಳಿದರೆ ಒಲೆಯ ಮುಂದೆ ಕುಳಿತಂತೆ ತೋರೀತು. ತೆಳು ಹಸಿರು, ಹೊಗೆಬಣ್ಣ, ತಿಳಿನೀಲಿ ಲೇಸು. ಉತ್ತರದ ಕೋಣೆಗೆ ವರ್ಷದ ಬಹುಭಾಗ ನೇರ ಬಿಸಿಲಿಲ್ಲ, ಬೆಳಕು ನೀಲಿಯ ಛಾಯೆಯದು. ಅಲ್ಲಿ ಬರೀ ಬಿಳಿ ಗೋಡೆ ತಣ್ಣಗೆ, ಬೂದಿಯಂತೆ ಕಾಣುತ್ತದೆ. ಕೆನೆಬಣ್ಣದ ಮೈಗೆ ಅರಿಸಿನದ ಅಥವಾ ಇಟ್ಟಂಗಿಯ ಸೆರಗು ಕೊಟ್ಟರೆ ಕೋಣೆ ಬೆಚ್ಚಗಾಗುತ್ತದೆ.

ರಾತ್ರಿಯ ಮಾತು ಬೇರೆ. ಎಲ್‌ಇಡಿ ದೀಪದ ಡಬ್ಬಿಯ ಮೇಲೆ ಒಂದು ಅಂಕಿ ಬರೆದಿರುತ್ತದೆ. ೨೭೦೦ ಅಥವಾ ೩೦೦೦ ಕೆಲ್ವಿನ್ ಎಂದಿದ್ದರೆ ಹಳೆಯ ಬಲ್ಬಿನ ಹಳದಿ ಬೆಳಕು, ೬೫೦೦ ಎಂದಿದ್ದರೆ ನೀಲಿಬಿಳಿ. ಓದುವ ಮೇಜಿಗೆ ಬಿಳಿ ಇರಲಿ, ಪಡಸಾಲೆಗೆ ಹಳದಿಯೇ ಇರಲಿ. ಬಿಳಿ ದೀಪದ ಕೆಳಗೆ ಕೆಂಪು ಗೋಡೆಯೂ ಸಾಗವಾನಿಯ ಸಾಮಾನೂ ಜೀವ ಕಳೆದುಕೊಳ್ಳುತ್ತವೆ.

ಅಳತೆಗೊಂದು ಉದಾಹರಣೆ ಕೊಡುವೆವು. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ, ಹತ್ತಡಿ ಎತ್ತರದ ಕೋಣೆಗೆ ನಾಲ್ಕು ಗೋಡೆ ಸೇರಿ ೪೪೦ ಚದರಡಿ. ಬಾಗಿಲು, ಕಿಟಕಿ ಕಳೆದರೆ ಸುಮಾರು ೪೦೦. ಅಗಲದ ಒಂದೇ ಗೋಡೆಗೆ ಗಾಢ ಬಣ್ಣ ಹಚ್ಚಿದರೆ ೧೦೦ ಚದರಡಿ, ಅಂದರೆ ಗೋಡೆಗಳ ಕಾಲುಭಾಗ. ಸೆರಗಿಗೆ ಇದೇ ಹೆಚ್ಚಾಯಿತು. ಆ ಗೋಡೆಯ ಮೇಲೆ ಮತ್ತೆ ಚಿತ್ರ, ಗಡಿಯಾರ, ಪಂಚಾಂಗಗಳನ್ನು ತೂಗಹಾಕದೆ ಅದನ್ನು ಅದರ ಪಾಡಿಗೆ ಬಿಡುವುದು ಒಳ್ಳೆಯದು. ಬಾಗಿಲು ತೆರೆದವರಿಗೆ ಎದುರಾಗುವ ಗೋಡೆ ಇದಕ್ಕೆ ತಕ್ಕುದು.

ನಮ್ಮ ಗೋಡೆಗಳ ಹಳೆಯ ಬಣ್ಣ

ಯಾವ ಬಣ್ಣ ಆರಿಸಲಿ ಎಂದು ತೋಚದವರು ಊರಿನ ಗೋಡೆಗಳನ್ನು ನೆನೆಸಿಕೊಳ್ಳಲಿ. ಸುಣ್ಣಕ್ಕೆ ಒಂದು ಚಿಟಿಕೆ ನೀಲಿ, ಕೆಳಗೆ ಎರಡು ಮೊಳ ಎತ್ತರದ ಕೆಮ್ಮಣ್ಣಿನ ಪಟ್ಟಿ, ಬಾಗಿಲಿಗೆ ಹಸಿರು: ಇದೂ ಮೈ, ದಡಿ, ಸೆರಗಿನ ಲೆಕ್ಕವೇ. ಮಕ್ಕಳ ಕೈ, ಗೋಡೆಗೊರಗುವವರ ಬೆನ್ನು ತಾಗುವ ಎತ್ತರದಲ್ಲಿ ಕೆಂಪಿದ್ದುದರಿಂದ ಕೊಳೆ ಕಾಣುತ್ತಿರಲಿಲ್ಲ. ಮಕ್ಕಳಿರುವ ಮನೆಯ ನಡುಮನೆಗೆ ಈ ಪಟ್ಟಿ ಇಂದಿಗೂ ಉಪಯುಕ್ತ. ಸಾಗರದ ಕಡೆಯ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ ಬರೆಯುವ ಹಸೆಚಿತ್ತಾರವನ್ನು ನೋಡಿ. ಕೆಂಪು, ಬಿಳಿ, ಕಪ್ಪು, ಹಳದಿ, ಇಷ್ಟೇ. ನಾಲ್ಕೇ ಬಣ್ಣದಲ್ಲಿ ಮದುವೆಯ ಮನೆ ತುಂಬಿಬಿಡುತ್ತದೆ. ಬಣ್ಣದ ಸೊಗಸು ಸಂಖ್ಯೆಯಲ್ಲಿಲ್ಲ.

ಕೌದಿಯ ನ್ಯಾಯ

ಇನ್ನು ಸಾಮಾನಿನ ಮಾತು. ಬೇರೆ ಬೇರೆ ಕಾಲದ, ಬೇರೆ ಬೇರೆ ಜಾತಿಯ ವಸ್ತುಗಳು ಒಂದೇ ಕೋಣೆಯಲ್ಲಿ ಕೂಡಿ ಬಾಳಲು ಸಾಧ್ಯವೆ? ನಮ್ಮ ಕೌದಿಯನ್ನು ನೋಡಿದವರು ಹೀಗೆ ಕೇಳಲಾರರು. ಅಜ್ಜಿಯ ಸೀರೆ, ಅಪ್ಪನ ಧೋತರ, ಮಗುವಿನ ಅಂಗಿ ಎಲ್ಲದರ ತುಂಡುಗಳು ಅದರಲ್ಲಿರುತ್ತವೆ. ಆದರೆ ಕೌದಿ ಹೊಲಿಯುವವಳು ತುಂಡುಗಳನ್ನು ಮನಬಂದಂತೆ ಸುರಿಯುವುದಿಲ್ಲ. ಸುತ್ತಲೂ ಒಂದೇ ಬಣ್ಣದ ಅಂಚು ಕಟ್ಟುತ್ತಾಳೆ, ಉದ್ದಕ್ಕೂ ಒಂದೇ ದಾರದ ಹೊಲಿಗೆ ಓಡಿಸುತ್ತಾಳೆ. ಕೋಣೆಗೂ ಹೀಗೆ ಒಂದು ಅಂಚು, ಒಂದು ಹೊಲಿಗೆ ಬೇಕು.

ಅಂಚು ಎಂದರೆ ಎತ್ತರ. ಕೂಡುವ ಸಾಮಾನುಗಳೆಲ್ಲ ನೆಲದಿಂದ ೧೬ರಿಂದ ೧೮ ಅಂಗುಲದ ಎತ್ತರದಲ್ಲಿದ್ದರೆ ಬೆತ್ತದ ಕುರ್ಚಿ, ಹೊಸ ಸೋಫಾ, ಹಳೆಯ ದಿವಾಣ ಮೂರೂ ಒಂದೇ ಪಂಕ್ತಿಯವರಾಗುತ್ತವೆ. ಹೊಲಿಗೆ ಎಂದರೆ ಸೆರಗಿನ ಬಣ್ಣ: ಬೇರೆ ಬೇರೆ ಕುರ್ಚಿಗಳಿಗೆ ಒಂದೇ ಬಟ್ಟೆಯ ಗಾದಿ ಹೊಲಿಸಿದರೆ ಜಗಳ ಮುಗಿಯಿತು. ನಡೆದಾಡಲು ಎರಡೂವರೆ ಅಡಿ ಹಾದಿ ಬಿಡಬೇಕು. ಸೋಫಾಕ್ಕೂ ಮುಂದಿನ ಮೇಜಿಗೂ ನಡುವೆ ಒಂದೂವರೆ ಅಡಿ ಸಾಕು. ಖಾಲಿ ಜಾಗವೂ ಒಂದು ಸಾಮಾನೆಂದೇ ತಿಳಿಯಿರಿ, ಅದಕ್ಕೆ ಹಣ ಕೊಡಬೇಕಾಗಿಲ್ಲ.

ಮಿಶ್ರಣವು ಪುಣೆಗೆ ಹೊಸತಲ್ಲ. ಇರಾಣಿ ಹೋಟೆಲುಗಳಲ್ಲಿ ಚಹಾ ಕುಡಿದವರು ಆ ಬಾಗಿದ ಕಟ್ಟಿಗೆಯ ಕಪ್ಪು ಕುರ್ಚಿಯನ್ನು ಬಲ್ಲರು. ಕಟ್ಟಿಗೆಯನ್ನು ಹಬೆಯಲ್ಲಿ ಬಾಗಿಸಿ ಕುರ್ಚಿ ಮಾಡುವ ವಿದ್ಯೆಯನ್ನು ಬೆಳೆಸಿದವನು ವಿಯೆನ್ನಾದ ಮೈಕೆಲ್ ಥೋನೆಟ್. ಅವನ ೧೪ನೆಯ ನಂಬರಿನ ಕುರ್ಚಿ ೧೮೫೯ರದು. ಬಿಚ್ಚಿದರೆ ಮೂವತ್ತಾರು ಕುರ್ಚಿಗಳು ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ಹಿಡಿಯುತ್ತಿದ್ದವು, ಆದಕಾರಣ ಜಗತ್ತೆಲ್ಲ ಸುತ್ತಿದವು. ಗೋದ್ರೇಜಿನವರು ಉಕ್ಕಿನ ಕಪಾಟು ಮಾಡತೊಡಗಿದ್ದು ೧೯೨೩ರಲ್ಲಿ. ಇಂಥ ಕಪಾಟನ್ನು ವರದಕ್ಷಿಣೆಯ ನೆನಪಾಗಿ ಮೂಲೆಯಲ್ಲಿ ಬೈಯುತ್ತ ಇಟ್ಟುಕೊಂಡವರು ಅನೇಕರಿದ್ದಾರೆ. ತುಕ್ಕು ಉಜ್ಜಿಸಿ, ನವಿಲುಬಣ್ಣವನ್ನೋ ಸಾಸಿವೆಬಣ್ಣವನ್ನೋ ಸಿಂಪಡಿಸಿದರೆ ಅದೇ ಕೋಣೆಯ ಸೆರಗಾಗುತ್ತದೆ. ಊರಿನ ತಗಡಿನ ಟ್ರಂಕಿಗೂ ಇದೇ ಉಪಚಾರ ಮಾಡಿ ಮೇಲೊಂದು ಹಲಗೆ ಇಟ್ಟರೆ ಚಹಾದ ಮೇಜು.

ಅಮೇರಿಕೆಯ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ಭಾರತ ಸರ್ಕಾರದ ಕೋರಿಕೆಯ ಮೇರೆಗೆ ನಮ್ಮ ದೇಶವನ್ನು ಸುತ್ತಿ ೧೯೫೮ರಲ್ಲಿ ವರದಿ ಬರೆದರು. ತಾವು ಕಂಡ ವಸ್ತುಗಳಲ್ಲಿ ಅವರು ಬಹುವಾಗಿ ಕೊಂಡಾಡಿದ್ದು ನಮ್ಮ ತಂಬಿಗೆಯನ್ನು. ಆ ವರದಿಯ ಫಲವಾಗಿ ೧೯೬೧ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಅಟ್ಟದ ಮೇಲೆ ಬಿದ್ದ ತಂಬಿಗೆ, ಹಂಡೆಗಳನ್ನು ಹುಣಸೆಹಣ್ಣು ಹಚ್ಚಿ ಬೆಳಗಿ ಇಳಿಸಲು ಇದಕ್ಕಿಂತ ಬೇರೆ ಶಿಫಾರಸು ಬೇಕೆ?

ಪುಣೆಯ ಪೇಟೆಗಳಲ್ಲಿ

ಊರಿನಿಂದ ಏನೂ ಬಾರದವರು ನಿರಾಶರಾಗಬೇಕಾಗಿಲ್ಲ. ಕಸಬಾ ಪೇಟೆಯ ತಾಂಬಟ ಆಳಿಯಲ್ಲಿ ತಾಮ್ರದ ತಗಡಿಗೆ ಸುತ್ತಿಗೆಯ ಪೆಟ್ಟಿನಿಂದ ಹೊಳಪಿನ ಚಿಕ್ಕೆ ಮೂಡಿಸುವ ತಾಂಬಟರಿದ್ದಾರೆ. ಬುರುಡ ಆಳಿ ಬಿದಿರಿನ ಕೆಲಸಕ್ಕೆ ಹೆಸರಾದದ್ದು. ಬುಧವಾರ, ಭಾನುವಾರಗಳಂದು ಕೂಡುತ್ತ ಬಂದ ಜುನಾ ಬಜಾರ ಹಳೆಯ ಸಾಮಾನಿಗೆ ಪ್ರಸಿದ್ಧ. ಹಳೆಯ ವಾಡೆಗಳನ್ನು ಕೆಡವಿ ಮಹಡಿ ಮನೆಗಳನ್ನು ಕಟ್ಟುವಾಗ ಅವುಗಳ ಸಾಗವಾನಿಯ ಬಾಗಿಲು, ಕಂಬ, ತೊಲೆಗಳು ಮಾರಾಟಕ್ಕೆ ಬರುತ್ತವೆ.

ಹಳೆಯ ಪುಣೆಯ ಸಾಮಾನಿಗೆ ಇನ್ನೊಂದು ಬೆಲೆಯೂ ಉಂಟು. ೧೯೬೧ರ ಜುಲೈ ೧೨ರಂದು ಪಾನಶೇತ ಆಣೆಕಟ್ಟು ಒಡೆದು ಮುಠಾ ನದಿ ಪೇಟೆಗಳೊಳಗೆ ನುಗ್ಗಿದಾಗ ದಂಡೆಯ ಮನೆಗಳ ತೊಟ್ಟಿಲು, ಪೆಟ್ಟಿಗೆಗಳು ನೀರುಪಾಲಾದವು. ಅದನ್ನು ದಾಟಿ ಉಳಿದ ವಸ್ತುವೆಂದರೆ ಉಳಿದುಬಂದ ಮನುಷ್ಯನ ಹಾಗೆ, ಮರ್ಯಾದೆಗೆ ಅರ್ಹ.

ಕೊಳ್ಳುವ ಮೊದಲು ಕಣ್ಣಿಗೆ ಸ್ವಲ್ಪ ಅಭ್ಯಾಸ ಬೇಕು. ಬಾಜೀರಾವ ರಸ್ತೆಯ ರಾಜಾ ದಿನಕರ ಕೇಳಕರ ವಸ್ತು ಸಂಗ್ರಹಾಲಯಕ್ಕೆ ಒಂದು ಭಾನುವಾರ ಮಕ್ಕಳೊಡನೆ ಹೋಗಿಬನ್ನಿ. ಚಿಕ್ಕಂದಿನಲ್ಲೇ ತೀರಿಕೊಂಡ ಮಗ ರಾಜಾನ ಹೆಸರಿನಲ್ಲಿ ದಿನಕರ ಕೇಳಕರರು ಕೂಡಿಸಿದ ವಸ್ತುಗಳವು: ದೀಪ, ಅಡಕೊತ್ತು, ಬಾಗಿಲು, ಪೆಟ್ಟಿಗೆ, ಪಾತ್ರೆ. ಅರಮನೆಯ ಆಭರಣಕ್ಕಿಂತ ಮನೆವಾರ್ತೆಯ ವಸ್ತುವೇ ಅಲ್ಲಿ ಹೆಚ್ಚು. ಈ ಸಂಗ್ರಹವನ್ನು ಅವರು ಸರ್ಕಾರಕ್ಕೆ ಅರ್ಪಿಸಿದರು. ಹತ್ತಿರದ ವಿಶ್ರಾಮಬಾಗ್ ವಾಡೆಯ ಕೆತ್ತನೆಯ ಕಂಬಗಳನ್ನೂ ನೋಡಿಬಂದರೆ ಒಳ್ಳೆಯ ಸಾಗವಾನಿ ಹೇಗೆ ಮಾಗುತ್ತದೆಂಬುದು ತಿಳಿಯುತ್ತದೆ.

ಎರಡು ಎಚ್ಚರಿಕೆಯ ಮಾತು

ಹಳೆಯ ಕಟ್ಟಿಗೆಯನ್ನು ಕೊಳ್ಳುವಾಗ ಬುಡ, ಬೆನ್ನು, ಒಳಮೈಗಳನ್ನು ನೋಡಿ. ಸೂಜಿಯ ಮೊನೆಯಷ್ಟು ತೂತುಗಳೂ ಅವುಗಳ ಕೆಳಗೆ ಹಿಟ್ಟಿನಂಥ ಪುಡಿಯೂ ಕಂಡರೆ ಹುಳು ಒಳಗಿದೆ ಎಂದರ್ಥ. ಅಂಥದನ್ನು ಅಗ್ಗವೆಂದು ಮನೆಗೆ ತಂದರೆ ಉಳಿದ ಸಾಮಾನಿಗೂ ಹಬ್ಬೀತು. ಮಳೆಗಾಲದಲ್ಲಿ ಹೊರಗೋಡೆ ತೇವ ಹಿಡಿಯುವುದರಿಂದ ಕಪಾಟನ್ನು ಗೋಡೆಗೆ ಅಂಟಿಸದೆ ಮೂರು ನಾಲ್ಕು ಅಂಗುಲ ಗಾಳಿಗೆ ಬಿಡಬೇಕು. ತೇವದ ಗೋಡೆಗೆ ಬಣ್ಣ ಹಚ್ಚುವುದು ಹುಣ್ಣಿಗೆ ಪೌಡರು ಹಚ್ಚಿದಂತೆ. ಮೊದಲು ಸೋರಿಕೆ ನಿಲ್ಲಿಸಿ, ಒಣಗಿಸಿ, ಆಮೇಲೆ ಬಣ್ಣ.

ಎರಡನೆಯದು ಮಕ್ಕಳಿರುವ ಮನೆಗೆ ಮುಖ್ಯವಾದದ್ದು. ಹಳೆಯ ಕಾಲದ ಎಣ್ಣೆಬಣ್ಣಗಳಲ್ಲಿ ಸೀಸ ಇರುತ್ತಿತ್ತು, ವಿಶೇಷವಾಗಿ ಹಳದಿ, ಕೆಂಪು, ಹಸಿರುಗಳಲ್ಲಿ. ಮನೆಬಳಕೆಯ ಬಣ್ಣದಲ್ಲಿ ಸೀಸವು ದಶಲಕ್ಷಕ್ಕೆ ೯೦ ಭಾಗ ಮೀರಬಾರದೆಂಬ ಭಾರತ ಸರ್ಕಾರದ ೨೦೧೬ರ ನಿಯಮ ಜಾರಿಗೆ ಬಂದದ್ದು ೨೦೧೭ರ ನವೆಂಬರ್ ೧ರಿಂದ. ಹಳೆಯ ಬಣ್ಣದ ತೊಟ್ಟಿಲನ್ನೋ ಕುರ್ಚಿಯನ್ನೋ ಮನೆಯೊಳಗೆ ಮರಳುಕಾಗದದಿಂದ ಉಜ್ಜಿದರೆ ಆ ಧೂಳು ಮಕ್ಕಳ ಹೊಟ್ಟೆ ಸೇರುತ್ತದೆ, ಬುದ್ಧಿಯ ಬೆಳವಣಿಗೆಗೆ ಕೇಡು. ಇಂಥ ಕೆಲಸವನ್ನು ಮಕ್ಕಳಿಲ್ಲದ ಜಾಗದಲ್ಲಿ, ನೀರು ಹಚ್ಚಿ ಒದ್ದೆಯಾಗಿಯೇ ಉಜ್ಜಿ, ಮೂಗು ಬಾಯಿ ಕಟ್ಟಿಕೊಂಡು ಮಾಡಿಸತಕ್ಕದ್ದು. ಹೊಸ ಬಣ್ಣದ ಡಬ್ಬಿಯ ಮೇಲೆ ಸೀಸದ ವಿಷಯ ಓದಿ ನೋಡಿ.

ಬಾಡಿಗೆ ಮನೆಯವರಿಗೆ

ಹನ್ನೊಂದು ತಿಂಗಳ ಕರಾರಿನ ಮೇಲೆ ಇರುವವರಿಗೆ ಗೋಡೆ ಮುಟ್ಟುವ ಅಧಿಕಾರವಿಲ್ಲ. ಅವರ ಬಣ್ಣವೆಲ್ಲ ಎತ್ತಿಕೊಂಡು ಹೋಗುವಂಥದಾಗಿರಲಿ. ಗುಳೇದಗುಡ್ಡದ ಖಣದ ಬಟ್ಟೆಯಿಂದ ದಿಂಬಿನ ಗಲೀಫು, ಕಸೂತಿ ಹಾಕಿದ ಮೇಜಿನ ಹಾಸು, ಹರಿದ ಇಳಕಲ್ ಸೀರೆಯ ಸೆರಗಿನಿಂದ ಬಾಗಿಲ ಪರದೆ, ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಗಳ ಒಂದು ಸಾಲು, ಬೀದರಿನ ಕಪ್ಪು ಹೂದಾನಿ. ಒಂದೇ ಪೆಟ್ಟಿಗೆಯಲ್ಲಿ ಹಿಡಿಯುವ ಈ ವಸ್ತುಗಳು ಯಾವ ಬಿಳಿ ಗೋಡೆಯ ಮುಂದೆಯೂ ಮನೆ ಹೂಡಿಕೊಡುತ್ತವೆ.

ಮನೆಮಂದಿಯ ಮಾತು

ನಮ್ಮ ಪರಿಚಯದ ಧಾರವಾಡದ ಕಡೆಯ ಕುಟುಂಬವೊಂದು ಹೋದ ದೀಪಾವಳಿಯ ಮೊದಲು ಹೊಸ ಮನೆಗೆ ಬಂತು. ಸಾಮಾನಿನಲ್ಲಿ ನವಲಗುಂದದ ಒಂದು ಹಳೆಯ ಜಮಖಾನೆ, ಕೆಂಪು ಹಳದಿಯ ನಡುವೆ ಪಗಡೆಯ ಹಾಸು ನೇಯ್ದದ್ದು. ನವಲಗುಂದದಲ್ಲಿ ಈ ಜಮಖಾನೆ ನೇಯುವವರು ಹೆಂಗಸರು. ಇಂದು ಆ ಮಗ್ಗದ ಮುಂದೆ ಕೂಡುವವರು ಬೆರಳೆಣಿಕೆಯಷ್ಟು ಮಾತ್ರ. ಸೊಸೆ ಕೇಳಿದಳು:

"ಅತ್ತೀ, ಇದನ್ನ ಗ್ವಾಡಿಗೆ ಹಾಕೋಣೇನ್ರಿ?"

"ಕಾಲಾಗ ಹಾಸೂದನ್ನ ಗ್ವಾಡಿಗೆ ಏರಸ್ತೀಯೇನವಾ? ಬಂದವರು ನಗತಾರ."

"ನಗಲಿ ಬಿಡ್ರಿ. ಇದು ಹ್ಯಾಂಗ ಬಂತು, ಯಾರು ತಂದ್ರು ಅಂತ ನೀವ ಅವರಿಗೆ ಹೇಳ್ರಿ."

ಗೋಡೆಗೆ ಮೊಳೆ ಬಡಿಯದೆ, ಜಮಖಾನೆಯ ಹಿಂದೆ ಬಟ್ಟೆಯ ನಾಳ ಹೊಲಿದು ಕೋಲು ತೂರಿಸಿ, ನೇರ ಬಿಸಿಲು ಬೀಳದ ಕಡೆ ತೂಗಹಾಕಿದರು. ಅದರ ಕೆಂಪನ್ನೇ ಹಿಡಿದು ಎರಡು ಕುರ್ಚಿಗೆ ಗಾದಿ ಹೊಲಿಸಿದರು. ಉಳಿದ ಗೋಡೆಗಳೆಲ್ಲ ಕೆನೆಬಣ್ಣ. ಖರ್ಚು ಅಷ್ಟೇ. ಆದರೆ ಈಗ ಬಂದವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ, "ಇದೇನ್ರಿ?" ಎಂದು ಕೇಳುತ್ತಾರೆ, ಅತ್ತೆಯವರು ಹೇಳತೊಡಗುತ್ತಾರೆ. ತನ್ನ ತವರಿನ ಚಕ್ಕಡಿ, ನವಲಗುಂದದ ಸಂತೆ, ಹುಣ್ಣಿಮೆಯ ರಾತ್ರಿ ಆಡಿದ ಪಗಡೆ. ಶಾಲೆಯಲ್ಲಿ ಮರಾಠಿ, ಇಂಗ್ಲಿಷು ಮಾತಾಡಿ ಬಂದ ಮೊಮ್ಮಗಳು ಪಕ್ಕದಲ್ಲಿ ಕುಳಿತು ಕೇಳುತ್ತಾಳೆ. ಚಕ್ಕಡಿ ಎಂದರೇನು, ಗರ ಬೀಳುವುದು ಎಂದರೇನು ಎಂದು ಅವಳು ಕಲಿತದ್ದು ಆ ಗೋಡೆಯಿಂದ.

ಪರಊರಿನಲ್ಲಿ ಮನೆ ಮಾಡಿದ ನಮಗೆ ಅಲಂಕಾರದಿಂದ ಆಗಬೇಕಾದ ದೊಡ್ಡ ಕೆಲಸ ಇದೇ ಎಂದು ನಮಗೆ ತೋರುತ್ತದೆ. ವಸ್ತುವೊಂದು ಕಣ್ಣಿಗೆ ಬೀಳುವ ಜಾಗದಲ್ಲಿದ್ದರೆ ಅದರ ಹೆಸರೂ ಮನೆಯ ಬಾಯಲ್ಲಿ ಉಳಿಯುತ್ತದೆ. ಅಟ್ಟಕ್ಕೆ ಹೋದ ವಸ್ತುವಿನ ಜೊತೆ ಅದರ ಮಾತೂ ಅಟ್ಟ ಸೇರುತ್ತದೆ. ಹಾಗೆಂದು ಎಲ್ಲವನ್ನೂ ಉಳಿಸಿಕೊಳ್ಳಬೇಕಾಗಿಲ್ಲ. ದೊಡ್ಡವರನ್ನು ಕೂಡಿಸಿಕೊಂಡು, ಯಾವ ವಸ್ತುವಿಗೆ ಹೇಳಿಕೊಳ್ಳುವ ಕಥೆಯಿದೆ ಎಂದು ಕೇಳಿ, ಒಂದೋ ಎರಡೋ ಆರಿಸಿ ಅವುಗಳಿಗೆ ಮನೆಯ ಒಳ್ಳೆಯ ಜಾಗ, ಒಳ್ಳೆಯ ಬಣ್ಣ, ಒಳ್ಳೆಯ ಬೆಳಕು ಕೊಡಿ. ಉಳಿದದ್ದನ್ನು ಬೇಕಾದವರಿಗೆ ಸಂತೋಷದಿಂದ ಕೊಟ್ಟುಬಿಡಿ.

ಈ ಮಳೆಗಾಲ ಕಳೆದು ಗೋಡೆಗಳು ಒಣಗುವ ಹೊತ್ತಿಗೆ ದಸರೆ ಬಂದಿರುತ್ತದೆ. ಬಣ್ಣ ಹಚ್ಚಲು ಅದೇ ತಕ್ಕ ಕಾಲ. ಅಲ್ಲಿಯವರೆಗೆ ಅಟ್ಟದ ಮೇಲಿನ ಆ ಪೆಟ್ಟಿಗೆಯನ್ನೊಮ್ಮೆ ಇಳಿಸಿ ನೋಡಿರಿ.